ಗಾಜಿನಲ್ಲಿ ಕೂತ ಬ್ಯಾಂಕಣ್ಣ

ನಮ್ಮ ಬೀದಿಯ ಬ್ಯಾಂಕು ಮೊದಲು ಚಪ್ಪಲಿ ಅಂಗಡಿಯಾಗಿತ್ತು. ಅಂಗಡಿಯವನು ಹೋಗುವಾಗ ಚಪ್ಪಲಿಗಳನ್ನೆಲ್ಲ ಹೊತ್ತುಕೊಂಡು ಹೋದ. ಚರ್ಮದ ವಾಸನೆಯನ್ನೂ, ಬೀದಿಗೆ ಚಾಚಿಕೊಂಡಿದ್ದ ಗಾಜಿನ ಗೂಡನ್ನೂ ಬಿಟ್ಟುಹೋದ. ಹೋಗಿಬರುವವರ ಕಣ್ಣಿಗೆ ಬೀಳಲೆಂದು ಹೊಸ ಜೋಡುಗಳನ್ನು ಸಾಲಾಗಿ ಇಡುತ್ತಿದ್ದ ಆ ಗೂಡು ಆರಡಿ ಉದ್ದ, ನಾಲ್ಕಡಿ ಅಗಲ, ರಸ್ತೆಯಿಂದ ಮೊಣಕಾಲೆತ್ತರ. ಇಪ್ಪತ್ತಾರು ವರ್ಷದಿಂದ ಅದರೊಳಗೆ ನಮ್ಮ ಮ್ಯಾನೇಜರು ಕೂತಿದ್ದಾರೆ.

ಯಾಕೆ ಅಂದರೆ, ಅದಕ್ಕೂ ಮೊದಲು ಇದೇ ಬೀದಿಯಲ್ಲಿ ಒಂದು ದೊಡ್ಡ ಬ್ಯಾಂಕಿನ ಶಾಖೆ ಇತ್ತು. ಅಲ್ಲಿನ ಮ್ಯಾನೇಜರು ಮೂರು ಬಾಗಿಲು, ಎರಡು ಪರದೆ ಮತ್ತು ಒಬ್ಬ ಕಾವಲುಗಾರನ ಹಿಂದೆ ಇರುತ್ತಿದ್ದರು. ಅವರಿಗೆ ಮೀಸೆ ಇತ್ತೋ ಇಲ್ಲವೋ ಎಂಬ ಬಗ್ಗೆ ಊರಿನಲ್ಲಿ ಇವತ್ತಿಗೂ ಎರಡು ಪಕ್ಷಗಳಿವೆ. ಒಂದು ಮಧ್ಯಾಹ್ನ ಲಾರಿ ಬಂದು ಮೇಜು, ಕುರ್ಚಿ, ಫ್ಯಾನು ಹೇರಿಕೊಂಡು ಹೋಯಿತು. ಇನ್ನು ಮುಂದೆ ವ್ಯವಹಾರವೆಲ್ಲ ಪಟ್ಟಣದ ಶಾಖೆಯಲ್ಲಿ ಎಂದು ಬಾಗಿಲಿಗೆ ಚೀಟಿ ಅಂಟಿಸಿದ್ದರು. ಪಟ್ಟಣವೆಂದರೆ ಬಸ್ಸಿನಲ್ಲಿ ಐದು ಗಂಟೆಯ ದಾರಿ. ಆಗ ಕಬ್ಬಿಣದಂಗಡಿಯ ಯಜಮಾನರು ಬೀದಿಯವರನ್ನೆಲ್ಲ ಸೇರಿಸಿ ನಮ್ಮದೇ ಒಂದು ಸಹಕಾರಿ ಬ್ಯಾಂಕು ತೆರೆದರು, ತಾವೇ ಅಧ್ಯಕ್ಷರಾದರು. ಅವರ ಷರತ್ತು ಒಂದೇ.

"ಈ ಸಲ ಮ್ಯಾನೇಜರು ಕಾಣ್ತಾ ಇರಬೇಕು. ಬೆಳಿಗ್ಗೆಯಿಂದ ಸಂಜೆವರೆಗೆ. ಬೀದಿಗೆ."

ಹಾಗೆ ಬಂದವರು ಇವರು. ಆಗ ಮೂವತ್ತು ವರ್ಷದ ಸಣಕಲು ಮನುಷ್ಯ. ಅವರ ಹೆಸರು ಬಾಗಿಲಿನ ಫಲಕದ ಮೇಲಿದೆ, ಆದರೆ ಊರಿಗೆ ಅವರು ಬ್ಯಾಂಕಣ್ಣ. ಸಂಜೆ ಅವರು ಮನೆಗೆ ನಡೆದು ಹೊರಟರೆ ಮಕ್ಕಳು, "ಬ್ಯಾಂಕು ಮನೆಗೆ ಹೋಗ್ತಾ ಇದೆ" ಅನ್ನುತ್ತವೆ. ನನ್ನ ಸೈಕಲ್ ಅಂಗಡಿ ಸರಿಯಾಗಿ ಎದುರಿಗೆ. ಹಾಗಾಗಿ ನನ್ನ ಹೆಂಡತಿಯ ಮುಖಕ್ಕಿಂತ ಅವರ ಮುಖವನ್ನೇ ನಾನು ಹೆಚ್ಚು ನೋಡಿದ್ದೇನೆ. ಇದನ್ನು ನನ್ನ ಹೆಂಡತಿಯೂ ಒಪ್ಪುತ್ತಾಳೆ, ನೆಮ್ಮದಿಯಿಂದಲೇ.

ಗಾಜಿನೊಳಗಿನ ಬದುಕು ಸುಲಭವಲ್ಲ. ಬೇಸಿಗೆಯಲ್ಲಿ ಒಳಗೆ ಎಷ್ಟು ಕಾವೆಂದರೆ, ಅವರ ಮೇಜಿನ ಮೇಲಿಟ್ಟ ಹಸಿರು ಬಾಳೆಹಣ್ಣು ಕೈ ತೊಳೆದು ಬರುವಷ್ಟರಲ್ಲಿ ಹಳದಿಯಾಗಿ, ರುಜು ಹಾಕುವಷ್ಟರಲ್ಲಿ ಕಪ್ಪಾಗುತ್ತಿತ್ತು. ಅದನ್ನಾದರೂ ಸಹಿಸಬಹುದು, ಜನರ ಕಣ್ಣುಗಳನ್ನು ಸಹಿಸುವುದು ಕಷ್ಟ. ಬ್ಯಾಂಕಣ್ಣ ಹಣೆ ಗಂಟಿಕ್ಕಿದರೆ ಇಬ್ಬರು ಬಂದು ಠೇವಣಿ ವಾಪಸ್ಸು ಕೇಳುತ್ತಾರೆ. ನಕ್ಕರೆ, ಒಬ್ಬರೇ ಯಾಕೆ ನಗುತ್ತಿದ್ದಾರೆಂದು ಮೂವರು ಬರುತ್ತಾರೆ. ಆಕಳಿಸುವ ಹಾಗಿಲ್ಲ, ಬೆನ್ನು ತುರಿಸುವ ಹಾಗಿಲ್ಲ. ಒಮ್ಮೆ ಸತತವಾಗಿ ನಾಲ್ಕು ಸಲ ಸೀನಿದರು ನೋಡಿ, ಆ ವಾರ ಇಡೀ ಬೀದಿಯಲ್ಲಿ ಒಬ್ಬನೂ ಹೊಸ ಬನಿಯನ್ ಕೊಳ್ಳಲಿಲ್ಲ. ವರ್ಷಗಳು ಹೋದಂತೆ ಅವರ ಮುಖ, ಅರ್ಧ ನಗು ಅರ್ಧ ಯೋಚನೆಯ ಒಂದೇ ಭಂಗಿಯಲ್ಲಿ ಗಟ್ಟಿಯಾಯಿತು. ಮನೆಯಲ್ಲೂ ಅದು ಬದಲಾಗುವುದಿಲ್ಲವಂತೆ. "ಜಗಳ ಆಡಿದ್ರೂ ನನಗೇನೋ ಸಾಲ ಮಂಜೂರು ಮಾಡ್ತಾ ಇರೋ ಹಾಗೇ ಕಾಣ್ತಾರೆ" ಎಂದು ಅವರ ಹೆಂಡತಿಯೇ ಹೇಳಿದ್ದಿದೆ.

ಅವರು ಒಂದೇ ಒಂದು ದಿನ ರಜೆ ಹಾಕಿದ್ದು ಹತ್ತೊಂಬತ್ತು ವರ್ಷದ ಹಿಂದೆ, ಕೆಂಡದಂಥ ಜ್ವರ ಬಂದಾಗ. ಬೆಳಿಗ್ಗೆ ಗೂಡು ಖಾಲಿ ಕಂಡಿತು. ಹತ್ತೂವರೆಗೆ ಬಾಗಿಲಲ್ಲಿ ಇಪ್ಪತ್ತು ಜನ, ಹನ್ನೆರಡಕ್ಕೆ ಇನ್ನೂರು. ಎರಡು ಗಂಟೆಗೆ ತಿಜೋರಿಯ ತಳ ಕಾಣತೊಡಗಿತು. ಅಧ್ಯಕ್ಷರು ಓಡಿಹೋಗಿ ಅವರನ್ನು ಕಂಬಳಿಸಮೇತ ಕೈಗಾಡಿಯಲ್ಲಿ ಹೇರಿಕೊಂಡು ಬಂದು ಗೂಡಿನಲ್ಲಿ ಕೂರಿಸಿದರು. ಹಲ್ಲು ಕಟಕಟ ಅನ್ನುತ್ತಿದ್ದ ಮನುಷ್ಯನನ್ನು ಕಂಡದ್ದೇ ತಡ, ಸಾಲು ಕರಗಿತು. "ಸುಮ್ನೆ ಈ ಕಡೆ ಬಂದಿದ್ದೆ" ಅಂದರು ಎಲ್ಲರೂ. ನಾನೂ ಹಾಗೇ ಅಂದೆ. ಅಂದಿನಿಂದ ರಜೆ ಎಂಬ ಮಾತು ನಿಂತುಹೋಯಿತು. ಅವರ ಇಬ್ಬರು ಮಕ್ಕಳೂ ಭಾನುವಾರವೇ ಹುಟ್ಟಿದ್ದು. ಅಪ್ಪನ ಕಷ್ಟ ಅವುಗಳಿಗೆ ಹೊಟ್ಟೆಯೊಳಗಿಂದಲೇ ಕೇಳಿಸಿರಬೇಕು.

ಊರಿಗೆ ಅವರ ಮೇಲೆ ಪ್ರೀತಿ ಇರಲಿಲ್ಲ ಅಂದುಕೊಳ್ಳಬೇಡಿ. ಬೇಕರಿಯಮ್ಮನ ಗಂಡ ತೀರಿಕೊಂಡಾಗ, ಅಡ ಇಡಲು ಏನೂ ಇಲ್ಲದ ಆಕೆಗೆ ಹೊಸ ಒಲೆಗೆಂದು ಸಾಲ ಕೊಟ್ಟವರು ಅವರು. "ಇವರು ಬೆಳಿಗ್ಗೆ ನಾಲ್ಕಕ್ಕೆ ಏಳ್ತಾರೆ, ನಮ್ಮ ಮನೆಯಿಂದ ಬೆಳಕು ಕಾಣುತ್ತೆ. ಇದಕ್ಕಿಂತ ಭದ್ರತೆ ಏನು ಬೇಕು?" ಎಂದು ಆಡಳಿತ ಮಂಡಳಿಯ ಮುಂದೆ ವಾದಿಸಿದ್ದರು. ನನ್ನ ಅಂಗಡಿ ಸುಟ್ಟಾಗಲೂ ಹೀಗೇ. ಈ ಬೀದಿಯಲ್ಲಿ ಅವರ ರುಜು ಇಲ್ಲದೆ ನಿಂತ ಬಾಗಿಲು ಒಂದೂ ಇಲ್ಲ. ಪ್ರೀತಿ ಇತ್ತು. ಅದಕ್ಕೇ ಬಿಡಲಿಲ್ಲ.

ಇವರಿಗೊಬ್ಬಳು ಅಕ್ಕ. ಹನ್ನೆರಡು ವರ್ಷ ದೊಡ್ಡವಳು. ತಾಯಿ ಬೇಗ ಹೋದದ್ದರಿಂದ ಪಟ್ಟಣದ ಅಂಗಿ ಕಾರ್ಖಾನೆಯಲ್ಲಿ ಗುಂಡಿ ಹೊಲಿದು ತಮ್ಮನನ್ನು ಸಾಕಿ ಓದಿಸಿದವಳು. ಭಾನುವಾರ ಪಟ್ಟಣಕ್ಕೆ ಬಸ್ಸಿಲ್ಲದ್ದರಿಂದ ವರ್ಷಕ್ಕೊಮ್ಮೆ ಅವಳೇ ಇಲ್ಲಿಗೆ ಬರುವಳು. ಇಡೀ ದಿನ ಗಾಜಿನ ಹೊರಗೆ ಸ್ಟೂಲು ಹಾಕಿಕೊಂಡು ಕೂತು, ಒಳಗಿದ್ದ ತಮ್ಮನ ಜೊತೆ ಸನ್ನೆಯಲ್ಲಿ ಮಾತಾಡುವಳು. ಒಂದು ಕಣ್ಣು ಹತ್ತು ವರ್ಷದ ಹಿಂದೆಯೇ ಹೋಗಿತ್ತು. ಈ ವರ್ಷ ಉಳಿದ ಕಣ್ಣಿಗೂ ಪೊರೆ ಕವಿದು, ದೊಡ್ಡಾಸ್ಪತ್ರೆಯಲ್ಲಿ ಬುಧವಾರ ಆಪರೇಷನ್ ಎಂದು ಗೊತ್ತಾಯಿತು. ಗುರುವಾರ ಮಧ್ಯಾಹ್ನ ಪಟ್ಟಿ ಬಿಚ್ಚುವುದು.

ಫೋನಿನಲ್ಲಿ ಅವಳು ಹೇಳಿದಳಂತೆ: "ಪಟ್ಟಿ ಬಿಚ್ಚುವಾಗ ನೀನು ಎದುರಿಗಿರಬೇಕು ಕಣೋ. ಕಂಡ್ರೆ ನಿನ್ನ ಮುಖ ಕಾಣಲಿ. ಕಾಣದೇ ಹೋದ್ರೆ ಕೈ ಹಿಡ್ಕೊಳ್ಳೋಕೆ ನೀನಿರು. ಇಷ್ಟು ವರ್ಷದಲ್ಲಿ ನಾನು ಇನ್ನೇನಾದ್ರೂ ಕೇಳಿದೀನಾ?"

ಏನೂ ಕೇಳಿರಲಿಲ್ಲ. ಬ್ಯಾಂಕಣ್ಣ ಬರುತ್ತೇನೆಂದು ಮಾತು ಕೊಟ್ಟರು. ಆ ಸಂಜೆಯೇ ಅಧ್ಯಕ್ಷರ ಕಬ್ಬಿಣದಂಗಡಿಗೆ ಹೋಗಿ ಮೂರು ದಿನ ರಜೆ ಕೇಳಿದರು.

"ಮೂರು ದಿನಾನಾ!" ಅಧ್ಯಕ್ಷರು ತೂಕದ ಬಟ್ಟನ್ನು ಕಾಲ ಮೇಲೆ ಬೀಳಿಸಿಕೊಳ್ಳುವುದರಲ್ಲಿದ್ದರು. "ಸಾರ್, ಕಳೆದ ಸಲ ನೀವು ಅರ್ಧ ದಿನ ಇಲ್ಲದ್ದಕ್ಕೆ ಏನಾಯ್ತು ಮರೆತ್ರಾ? ಮೂರು ದಿನ ಅಂದ್ರೆ ಊರು ಕಿತ್ಕೊಂಡು ಹೋಗುತ್ತೆ."

"ನನ್ನ ಬದಲು ಕ್ಯಾಷಿಯರಮ್ಮನ್ನ ಕೂರಿಸೋಣ. ಹದಿನೆಂಟು ವರ್ಷದಿಂದ ಇದ್ದಾರೆ, ನನಗಿಂತ ಚುರುಕು."

"ಚುರುಕು ಯಾರಿಗೆ ಬೇಕು? ಆಗಲಿ, ಸೋಮವಾರ ಒಂದು ಗಂಟೆ ಹೊತ್ತು ನೋಡೋಣ."

ಸೋಮವಾರ ಕ್ಯಾಷಿಯರಮ್ಮ ಗೂಡಿನಲ್ಲಿ ಕೂತರು. ಬ್ಯಾಂಕಣ್ಣ ಹಿಂದಿನ ಕೋಣೆಗೆ ಹೋದರು. ಐದು ನಿಮಿಷಕ್ಕೆ ಮೊದಲ ಬೆರಳು ಗಾಜು ತಟ್ಟಿತು.

"ಸಾರ್ ಎಲ್ಲಿ?"

"ಒಳಗಿದ್ದಾರೆ!" ಎಂದು ಕ್ಯಾಷಿಯರಮ್ಮ ಕೂಗಿದರು.

"ಒಳಗೆ ಅಂದ್ರೆ ಎಲ್ಲಿ? ತೋರ್ಸಿ."

ಹತ್ತು ನಿಮಿಷಕ್ಕೆ ಹದಿನಾರು ಜನ ಒಳಗೆ ನುಗ್ಗಿದ್ದರು. ಆ ಹೊತ್ತಿಗೆ ಬ್ಯಾಂಕಣ್ಣ ಶೌಚಾಲಯದಲ್ಲಿದ್ದರು. ಲೆಕ್ಕದ ಮೇಷ್ಟ್ರು, ಅಂದರೆ ಶಾಲೆಯಿಂದ ನಿವೃತ್ತರಾಗಿಯೂ ಊರಿಗೆ ಪಾಠ ಹೇಳುವುದನ್ನು ಬಿಡದ ನಮ್ಮ ಹಿರಿಯ ಠೇವಣಿದಾರರು, ಬಾಗಿಲು ಬಡಿದು, "ಸಾರ್, ಒಂದು ಸಲ ಮುಖ ತೋರಿಸಿ, ಸಾಕು" ಅಂದರು. ಬಾಗಿಲು ಒಂದು ಗೇಣು ತೆರೆಯಿತು. ಮುಖ ಕಂಡಿತು. ಎಲ್ಲರೂ ಕೃತಜ್ಞತೆ ಹೇಳಿ ಹೊರಟರು. ಕ್ಯಾಷಿಯರಮ್ಮ ಎದ್ದು ತಮ್ಮ ಕೌಂಟರಿಗೆ ಹೋಗಿ, "ಹದಿನೆಂಟು ವರ್ಷ ಇವರ ಹಣ ಎಣಿಸಿದ ಕೈ ಇದು. ನನ್ನ ಮುಖಕ್ಕೆ ಇಷ್ಟೇ ಬೆಲೆ" ಅಂದದ್ದು ರಸ್ತೆಯಾಚೆ ನನ್ನ ಅಂಗಡಿಗೂ ಕೇಳಿಸಿತು. ಕೇಳಿಸದವನಂತೆ ಟ್ಯೂಬಿಗೆ ತೇಪೆ ಹಾಕಿದೆ.

ಮಂಗಳವಾರ ಬ್ಯಾಂಕಣ್ಣ ಪ್ರಾಮಾಣಿಕರು ಮಾತ್ರ ಮಾಡಬಲ್ಲ ತಪ್ಪೊಂದನ್ನು ಮಾಡಿದರು. ಇದ್ದದ್ದನ್ನು ಇದ್ದ ಹಾಗೆ ದಪ್ಪ ಅಕ್ಷರದಲ್ಲಿ ಬರೆದು ಗಾಜಿಗೆ ಅಂಟಿಸಿದರು. "ಅಕ್ಕನ ಕಣ್ಣಿನ ಚಿಕಿತ್ಸೆಯ ಸಲುವಾಗಿ ಮ್ಯಾನೇಜರು ಮೂರು ದಿನ ಊರಿನಲ್ಲಿರುವುದಿಲ್ಲ. ಬ್ಯಾಂಕು ಸುಭದ್ರವಾಗಿದೆ. ಯಾರೂ ಗಾಬರಿಯಾಗಬೇಕಾಗಿಲ್ಲ."

ಅದನ್ನು ಓದುವವರೆಗೆ ಗಾಬರಿಯಾಗಬಹುದೆಂದು ಯಾರಿಗೂ ಹೊಳೆದಿರಲಿಲ್ಲ. ಸುಭದ್ರವಾಗಿರುವ ಬ್ಯಾಂಕು ಹಾಗೆಂದು ಯಾಕೆ ಬರೆದುಕೊಳ್ಳುತ್ತದೆ? ಹನ್ನೊಂದು ಗಂಟೆಗೆ ಸಾಲು ನನ್ನ ಅಂಗಡಿ ದಾಟಿ, ಬಸ್ ನಿಲ್ದಾಣ ದಾಟಿ, ಪಕ್ಕದೂರಿನ ಗಡಿ ಮುಟ್ಟಿತು. ಅಲ್ಲಿಯವರು ಏನೋ ಪುಕ್ಕಟೆ ಹಂಚುತ್ತಿದ್ದಾರೆಂದು ಚೀಲ ಹಿಡಿದು ಹಿಂದೆ ನಿಂತರು. ಗೂಡಿನೊಳಗೆ ಬ್ಯಾಂಕಣ್ಣ ಮುಖದ ಭಂಗಿ ಕೆಡದಂತೆ ಕೂತಿದ್ದರು. ಕೊನೆಗೆ ಎದ್ದು ತಮ್ಮ ಕೈಯಿಂದಲೇ ಚೀಟಿ ಕಿತ್ತು, ನಾಲ್ಕು ಚೂರು ಮಾಡಿ, ಎಲ್ಲರಿಗೂ ಕಾಣುವಂತೆ ಬುಟ್ಟಿಗೆ ಹಾಕಿದರು. ಸಾಲು ಕರಗಿತು.

ಬುಧವಾರ ಆಪರೇಷನ್ ನಡೆದಾಗ ಅವರು ಗಾಜಿನೊಳಗಿದ್ದರು. ಮೇಜಿನ ಮೇಲೆ ಫೋನು. ಅದು ರಿಂಗಾದಾಗ ಎತ್ತಿ, ಕೇಳಿ, ಇಟ್ಟರು. ಒಳ್ಳೆಯ ಸುದ್ದಿಯೋ ಕೆಟ್ಟದ್ದೋ ಆ ಮುಖದಿಂದ ತಿಳಿಯಲಿಲ್ಲ. ನಾನು ನೆವ ಮಾಡಿಕೊಂಡು ಒಳಗೆ ಹೋಗಿ ಕೇಳಿದೆ.

"ಆಪರೇಷನ್ ಮುಗಿದಿದೆ. ಕಾಣುತ್ತೋ ಇಲ್ವೋ ನಾಳೆ ಗೊತ್ತಾಗುತ್ತಂತೆ" ಅಂದರು. "ಅಕ್ಕ ಎಲ್ಲರನ್ನೂ ಕೇಳ್ತಾ ಇದ್ದಾಳಂತೆ, ನನ್ನ ತಮ್ಮ ಎಷ್ಟು ಹೊತ್ತಿಗೆ ಬರ್ತಾನೆ ಅಂತ."

ಗುರುವಾರ ಬೆಳಿಗ್ಗೆ ಆರರ ಬಸ್ಸಿಗೆ ಅವರು ಹತ್ತಿದರು. ತಿಜೋರಿಯ ಕೀಲಿಯನ್ನು ಕ್ಯಾಷಿಯರಮ್ಮನಿಗೆ ಕೊಟ್ಟು, ಹೆಂಡತಿಯ ಶಾಲನ್ನು ತಲೆಗೆ ಸುತ್ತಿಕೊಂಡು, ಕೊನೆಯ ಸೀಟಿನಲ್ಲಿ ಮುದುಡಿ ಕೂತಿದ್ದರಂತೆ. ಇಪ್ಪತ್ತಾರು ವರ್ಷ ದಿನವಿಡೀ ನೋಡಿದ ಮುಖವನ್ನು ಒಂದು ಶಾಲು ಮುಚ್ಚೀತೇ? ಕಂಡಕ್ಟರು ಟಿಕೆಟಿಗೆ ಬಗ್ಗಿದವನು ನೆಟ್ಟಗಾದ.

"ಸಾರ್! ನೀವಾ? ಎಲ್ಲಿಗೆ?"

"ಪಟ್ಟಣಕ್ಕೆ. ಮೆಲ್ಲಗೆ ಮಾತಾಡಪ್ಪ."

ಅವನು ಮೆಲ್ಲಗೇ ಸೀಟಿ ಊದಿದ. ಊರ ಅಂಚಿನ ಪೆಟ್ರೋಲ್ ಬಂಕಿನಲ್ಲಿ ಬಸ್ಸು ನಿಂತಿತು. ಡ್ರೈವರ್ ಇಂಜಿನ್ ಆರಿಸಿ, ಹಿಂದಕ್ಕೆ ತಿರುಗಿ, ಕೈ ಕಟ್ಟಿ ಕೂತ. ಸುದ್ದಿ ನಮಗೆ ತಲುಪಲು ತಗುಲಿದ್ದು ಒಂದು ಲೋಟ ಚಹಾ ಆರುವಷ್ಟು ಹೊತ್ತು. ನಾನು ಅಂಗಡಿಯಲ್ಲಿದ್ದ ಯಾರದೋ ಸೈಕಲ್ ಹತ್ತಿ ಹೋದೆ. ಅಧ್ಯಕ್ಷರು ಅರ್ಧ ಗಡ್ಡ ಬೋಳಿಸಿದ ಮುಖದಲ್ಲೇ ಬಂದರು. ಬೇಕರಿಯಮ್ಮ ಮುಂಗೈಗೆ ಅಂಟಿದ ಹಿಟ್ಟಿನ ಸಮೇತ ಬಂದರು. ಅರವತ್ತು ಎಪ್ಪತ್ತು ಜನ ಬಸ್ಸು ಸುತ್ತುವರಿದರು.

"ಸಾರ್, ಹೇಳದೆ ಕೇಳದೆ ಹೀಗೆ..." ಎಂದು ಅಧ್ಯಕ್ಷರು ಕಿಟಕಿಗೆ ಬಾಯಿಟ್ಟರು.

"ಹೇಳಿದೆ. ಕೇಳಿದೆ. ಚೀಟಿ ಕೂಡ ಬರೆದೆ."

"ಹಿಂಗೆ ತಲೆಗೆ ಶಾಲು ಸುತ್ಕೊಂಡು ಹೋದ್ರೆ ಜನ ಏನಂದ್ಕೋಬೇಕು?"

ಬ್ಯಾಂಕಣ್ಣ ಶಾಲು ಕಿತ್ತು ತೊಡೆಯ ಮೇಲೆ ಹಾಕಿಕೊಂಡರು. ಅವರ ಮುಖದ ಆ ಗಟ್ಟಿ ಭಂಗಿ ಒಡೆದದ್ದನ್ನು ನಾನು ಮೊದಲ ಸಲ ಕಂಡೆ.

"ಓಡಿ ಹೋಗೋನಾಗಿದ್ರೆ ಇಪ್ಪತ್ತಾರು ವರ್ಷ ಆ ಡಬ್ಬಿಯೊಳಗೆ ಬೇಯ್ತಿದ್ದೆನಾ? ಏನ್ರಯ್ಯಾ, ಕೂತೂ ಕೂತೂ ನನ್ನ ಬೆನ್ನು ಬಾಗಿದ್ದು ನಿಮಗೆ ಕಾಣಲ್ವಾ? ನನ್ನ ಅಕ್ಕ ಕಣ್ಣು ಬಿಡ್ತಾಳೆ ಇವತ್ತು. ಅಥವಾ ಬಿಡಲ್ಲ. ಎರಡರಲ್ಲಿ ಯಾವುದಾದ್ರೂ ನಾನಲ್ಲಿ ಇರಬೇಕು. ಇಷ್ಟೇ."

ಬೇಕರಿಯಮ್ಮ ಮೆಲ್ಲಗೆ, "ನಂಬಿಕೆ ಇಲ್ಲ ಅಂತಲ್ಲ ಸಾರ್. ನಿಮ್ಮ ಮೇಲೆ ಪ್ರಾಣ ಇಟ್ಟಿದೀವಿ. ನೀವು ಕಾಣ್ತಾ ಇರಬೇಕು, ಅಷ್ಟೇ" ಅಂದರು.

ಪರಿಹಾರ ಹುಡುಕಿದ್ದು ಲೆಕ್ಕದ ಮೇಷ್ಟ್ರು. ಮೂವರು ಠೇವಣಿದಾರರು ಜೊತೆಗೆ ಹೋಗುವುದು. ಗಂಟೆಗೊಮ್ಮೆ ಅಧ್ಯಕ್ಷರಿಗೆ ಫೋನು ಮಾಡಿ, ಮ್ಯಾನೇಜರು ಕಣ್ಣ ಮುಂದೆಯೇ ಇದ್ದಾರೆಂದು ತಿಳಿಸುವುದು. ಅಧ್ಯಕ್ಷರು ಖಾಲಿ ಗೂಡಿನ ಮುಂದೆ ನಿಂತು ಅದನ್ನು ಜನರಿಗೆ ಸಾರುವುದು. ಎರಡು ಗಂಟೆಯ ಬಸ್ಸಿಗೆ ವಾಪಸ್ಸು ಹೊರಡುವುದು, ಯಾಕೆಂದರೆ ಅದು ತಪ್ಪಿದರೆ ಮುಂದಿನ ಬಸ್ಸು ಮರುದಿನ ಮಧ್ಯಾಹ್ನ. ಶುಕ್ರವಾರವೂ ಗೂಡು ಖಾಲಿ ಇದ್ದರೆ ಯಾವ ಫೋನಿಗೂ ಜನ ಬಗ್ಗುವುದಿಲ್ಲ. ಮೇಷ್ಟ್ರು, ಬೇಕರಿಯಮ್ಮ, ನಾನು ಹತ್ತಿದೆವು. ಟಿಕೆಟಿನ ದುಡ್ಡನ್ನು ಬ್ಯಾಂಕಣ್ಣನೇ ಕೊಟ್ಟರು.

ದಾರಿಯುದ್ದಕ್ಕೂ ನಾವು ಮೂವರೂ ಅವರ ಮುಖ ನೋಡುತ್ತಿದ್ದೆವು. ಅವರು ಹೊರಗೆ ನೋಡುತ್ತಿದ್ದರು. ಒಂದು ಕೆರೆ, ಇಟ್ಟಿಗೆ ಗೂಡು, ಕಾಡಿನ ಅಂಚು ಹೀಗೆ ಏನು ಬಂದರೂ ಮಗುವಿನ ಹಾಗೆ ತಲೆ ತಿರುಗಿಸಿ ತಿರುಗಿಸಿ ನೋಡಿದರು. "ಈ ಸೇತುವೆ ಯಾವಾಗ ಕಟ್ಟಿದ್ರು?" ಎಂದು ಕೇಳಿದರು. ಅದು ಕಟ್ಟಿ ಹದಿನೈದು ವರ್ಷವಾಗಿತ್ತು.

ಕಣ್ಣಿನ ವಾರ್ಡಿನ ಬಾಗಿಲಲ್ಲಿ ನರ್ಸಮ್ಮ ತಡೆದಳು.

"ಒಬ್ಬರೇ ಒಳಗೆ. ಮಿಕ್ಕವರು ಏನಾಗಬೇಕು ಪೇಷೆಂಟಿಗೆ?"

"ನಾವು ಇವರ ಠೇವಣಿದಾರರು" ಅಂದರು ಮೇಷ್ಟ್ರು, ಗಂಭೀರವಾಗಿ.

"ಅದು ಅಪ್ಪನ ಕಡೆ ಸಂಬಂಧಾನಾ, ಅಮ್ಮನ ಕಡೇದಾ?"

"ಎರಡೂ ಕಡೆ" ಅಂದೆ ನಾನು. ಬಿಟ್ಟಳು.

ಅಕ್ಕ ಮಂಚದ ಮೇಲೆ ಕಾಲು ಮಡಿಸಿ ಕೂತಿದ್ದಳು. ಡಾಕ್ಟರು ಪಟ್ಟಿಯ ಸುರುಳಿ ಬಿಚ್ಚಿ, ಹತ್ತಿ ಎತ್ತಿದರು. ಬ್ಯಾಂಕಣ್ಣ ಅವಳ ಎರಡೂ ಕೈ ಹಿಡಿದು, ಮುಖಕ್ಕೆ ಮುಖ ಕೊಟ್ಟು, ನೆಲದ ಮೇಲೆ ಮೊಣಕಾಲೂರಿದ್ದರು. ಅವಳು ಕಣ್ಣು ಪಿಳುಕಿಸಿದಳು. ಮುಚ್ಚಿದಳು. ತೆರೆದಳು. ನಾವು ಮೂವರೂ ಉಸಿರು ಬಿಗಿಹಿಡಿದದ್ದರಿಂದ ಆ ವಾರ್ಡಿನಲ್ಲಿ ಗಾಳಿ ಸ್ವಲ್ಪ ಹೆಚ್ಚೇ ಉಳಿದಿರಬೇಕು.

"ಅಯ್ಯೋ, ಮೀಸೆ ಬೆಳ್ಳಗಾಗಿದೆಯಲ್ಲೋ" ಅಂದಳು ಅಕ್ಕ.

ಬ್ಯಾಂಕಣ್ಣ ಅತ್ತರು. ಬೇಕರಿಯಮ್ಮ ಅತ್ತರು. ಮೇಷ್ಟ್ರು ಹೊರಗೆ ಹೋಗಿ, ಮ್ಯಾನೇಜರು ಕಣ್ಣ ಮುಂದೆಯೇ ಇದ್ದಾರೆ, ಅಳುತ್ತಿದ್ದಾರೆ, ಸಂತೋಷದಿಂದ, ಗಾಬರಿ ಬೇಡ ಎಂದು ಅಧ್ಯಕ್ಷರಿಗೆ ಫೋನು ಮಾಡಿದರು.

ಆಮೇಲೆ ಅಕ್ಕ ನಮ್ಮನ್ನು ಕಂಡಳು. "ಇವರ್ಯಾರು?"

"ಬ್ಯಾಂಕಿನವರು ಅಕ್ಕ. ಜೊತೆಗೆ ಬಂದಿದ್ದಾರೆ."

"ಒಳ್ಳೇದಾಯ್ತು. ಎರಡು ಗಂಟೆಗೊಂದು ಸಲ ಹನಿ ಹಾಕಬೇಕಂತೆ, ಮೂರು ದಿನ. ಒಬ್ಬಳಿಗೆ ಆಗಲ್ಲ. ನೀನು ಇರ್ತೀಯಲ್ಲ, ನನಗೇನು ಯೋಚನೆ?" ಅವಳು ಅವರ ಅಂಗಿಯ ಗುಂಡಿಯೊಂದನ್ನು ಮುಟ್ಟಿ ನೋಡಿದಳು. "ಇದು ಸಡಿಲ ಆಗಿದೆ. ಬಿಗಿ ಮಾಡಿಕೊಡ್ತೀನಿ, ಮನೆಗೆ ಹೋದ್ಮೇಲೆ. ಈಗ ಕಾಣುತ್ತಲ್ಲ ನನಗೆ."

ಗೋಡೆ ಗಡಿಯಾರದಲ್ಲಿ ಒಂದೂ ಇಪ್ಪತ್ತು. ಬ್ಯಾಂಕಣ್ಣ ನಮ್ಮ ಕಡೆ ತಿರುಗಿ ನೋಡಿದರು.

ನಾವು ಹೊರಡಿ ಅನ್ನಲಿಲ್ಲ. ಇದನ್ನು ಆಣೆ ಇಟ್ಟು ಹೇಳುತ್ತೇನೆ, ಮೂವರಲ್ಲಿ ಒಬ್ಬರೂ ಅನ್ನಲಿಲ್ಲ. ಮೇಷ್ಟ್ರು ಕನ್ನಡಕ ಒರೆಸಿದರು. ಬೇಕರಿಯಮ್ಮ ಮುಂಗೈಯ ಒಣಗಿದ ಹಿಟ್ಟು ಕೆರೆದರು. "ನೀವು ಇರಿ ಸಾರ್, ಅಲ್ಲಿನದನ್ನ ನಾವು ನೋಡ್ಕೋತೀವಿ" ಎಂಬ ಮಾತು ನನ್ನ ನಾಲಿಗೆಯ ತುದಿಯವರೆಗೂ ಬಂತು. ನನ್ನ ಮಗಳ ಓದಿಗೆಂದು ಇಟ್ಟದ್ದೆಲ್ಲ ಆ ಚಪ್ಪಲಿ ಅಂಗಡಿಯಲ್ಲಿತ್ತು. ಮಾತನ್ನು ನುಂಗಿದೆ.

"ಬಸ್ಸಿಗೆ ಹೊತ್ತಾಯ್ತು ಅಕ್ಕ" ಅಂದರು ಬ್ಯಾಂಕಣ್ಣ.

"ಇವರೇನೂ ಹೇಳಲೇ ಇಲ್ವಲ್ಲೋ."

"ಇವರು ಹೇಳಬೇಕಾಗಿಲ್ಲ."

ಅಕ್ಕ ತನ್ನ ಹೊಸ ಕಣ್ಣಿನಿಂದ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ನನ್ನ ಮೇಲೆ ಆ ಕಣ್ಣು ನಿಂತದ್ದು ಎರಡು ಕ್ಷಣ; ನನಗದು ಒಂದು ಮಳೆಗಾಲ. ಬೇಕರಿಯಮ್ಮ ತಡೆಯಲಾರದೆ ಮುಂದೆ ಬಂದರು. "ನಾನಿರ್ತೀನಿ ಅಕ್ಕ. ಮೂರು ದಿನ ಅಲ್ಲ, ಆರು ದಿನ ಬೇಕಾದ್ರೂ. ಬೇಕರಿ ಮುಚ್ಚಿದ್ರೆ ಮುಚ್ಚಲಿ. ಹನಿ ಹಾಕ್ತೀನಿ, ಅಡುಗೆ ಮಾಡ್ತೀನಿ."

"ನೀವು ಒಳ್ಳೆಯವರಮ್ಮ" ಅಂದಳು ಅಕ್ಕ. "ಆದ್ರೆ ನಾನು ಕೇಳಿದ್ದು ಹನಿ ಹಾಕೋರನ್ನಲ್ಲ."

ಬ್ಯಾಂಕಣ್ಣ ಅವಳ ಕಾಲ ಮೇಲೆ ಹೊದಿಕೆ ಎಳೆದು ಎರಡೂ ಬದಿ ಸಿಕ್ಕಿಸಿದರು, ಎಳೆದು ಮತ್ತೆ ಸಿಕ್ಕಿಸಿದರು. ಆಮೇಲೆ ಎದ್ದರು. ಮೇಷ್ಟ್ರೂ ನಾನೂ ಎರಡು ಬದಿಯಲ್ಲಿ, ಅವರು ನಡುವೆ. ನೋಡಿದವರು ಪೊಲೀಸರೆಂದುಕೊಂಡರೆ ತಪ್ಪಿಲ್ಲ.

ಬಸ್ಸು ಹೊರಟ ಮೇಲೆ ನಾನು ಅಧ್ಯಕ್ಷರಿಗೆ ಫೋನು ಮಾಡಿ, ಹೊರಟೆವು ಅಂದೆ. ಅತ್ತ ಕಡೆ ಜನ ಚಪ್ಪಾಳೆ ತಟ್ಟಿದ್ದು ಕೇಳಿಸಿತು. ಫೋನನ್ನು ಕಿವಿಗೆ ಒತ್ತಿ ಹಿಡಿದೆ, ಪಕ್ಕದವರಿಗೆ ಕೇಳಿಸದಿರಲಿ ಎಂದು.

ನಾಲ್ಕು ಗಂಟೆಗೆ ಬ್ಯಾಂಕಣ್ಣ ನನ್ನ ಫೋನು ಕೇಳಿ ಪಡೆದು ಬೇಕರಿಯಮ್ಮನಿಗೆ ಮಾಡಿದರು. ಬೇಕರಿಯಮ್ಮನಿಗೆ ಮೊದಲಿನಿಂದಲೂ ಒಲೆಯ ಸದ್ದಿನ ಮೇಲೆ ಕೂಗಿ ಅಭ್ಯಾಸ. ಅವರ ದನಿ ನನಗೂ ಸ್ಪಷ್ಟವಾಗಿ ಕೇಳಿಸುತ್ತಿತ್ತು.

"ಹನಿ ಹಾಕಿದ್ರಾ ಅಮ್ಮ?"

"ಎಲ್ಲಿ ಸಾರ್, ರೆಪ್ಪೆ ಬಿಗಿಯಾಗಿ ಮುಚ್ಕೊಂಡು ಮಲಗಿದ್ದಾರೆ. ತೆರೀರಿ ಅಕ್ಕ ಅಂದ್ರೆ, ತೆರೆದು ಯಾರನ್ನ ನೋಡ್ಲಿ ಅಂತಾರೆ. ಡಾಕ್ಟ್ರನ್ನ ಕರೀಲಾ? ನೀವೇ ಒಂದು ಮಾತು ಹೇಳ್ತೀರಾ?"

"ಫೋನು ಅವಳ ಕಿವಿಗೆ ಹಿಡೀರಿ" ಅಂದರು ಬ್ಯಾಂಕಣ್ಣ. ಹಿಡಿದಿರಬೇಕು. "ಅಕ್ಕ" ಅಂದರು. ಅಷ್ಟೇ. ಅತ್ತಲಿಂದಲೂ ಏನೂ ಬರಲಿಲ್ಲ. ಬಸ್ಸು ಎರಡು ಊರು ದಾಟುವವರೆಗೆ ಅವರು ಫೋನನ್ನು ಹಾಗೇ ಹಿಡಿದುಕೊಂಡಿದ್ದರು, ಅದು ತಾನಾಗಿ ಆರಿಹೋಗುವವರೆಗೆ.

ಮುಂದಿನ ಸೀಟಿನಿಂದ ಮೇಷ್ಟ್ರು ತಿರುಗಿದರು. "ಏನಂತೆ ಸಾರ್? ಎಲ್ಲ ಸರಿಯಾ?"

ಅವರ ಮುಖ ಮತ್ತೆ ಅರ್ಧ ನಗು ಅರ್ಧ ಯೋಚನೆಗೆ ಬಂದು ಕೂತಿತ್ತು.

"ಹಾಕಿದ್ರಂತೆ" ಅಂದರು.

ನಾನು ಏನೂ ಕೇಳಿಸದವನಂತೆ ನನ್ನ ಫೋನನ್ನು ಜೇಬಿಗಿಟ್ಟೆ.